ಹಳೆಯ ಕಾರಿನ ಇಗ್ನಿಷನ್ ಕೈಕೊಟ್ಟರೆ: ಸವೆದ ಕನೆಕ್ಟರ್‌ಗಳ ಪತ್ತೆ ಮತ್ತು ದುರಸ್ತಿ

ಹಳೆಯ ಕಾರು ಮಿಸ್ ಹೊಡೆಯತೊಡಗಿದರೆ ಮೊದಲು ಪ್ಲಗ್ ಬದಲಾಗುತ್ತದೆ, ಆಮೇಲೆ ಕಿಡಿಗೆ ಬೇಕಾದ ಹೆಚ್ಚು ವೋಲ್ಟೇಜ್ ಹುಟ್ಟಿಸುವ ಕಾಯಿಲ್, ಕೊನೆಗೆ ಅದನ್ನು ಪ್ಲಗ್‌ಗಳಿಗೆ ಹಂಚುವ ಡಿಸ್ಟ್ರಿಬ್ಯೂಟರ್. ಮೂರೂ ಹೊಸದಾದ ಮೇಲೂ ಎಷ್ಟೋ ಗಾಡಿಗಳಲ್ಲಿ ದೋಷ ಇದ್ದಲ್ಲೇ ಇರುತ್ತದೆ. ಈ ಭಾಗಗಳಿಗೆ ಕರೆಂಟ್ ತಲುಪಿಸುವ, ವೈರ್ ತುದಿಯ ಲೋಹದ ಟರ್ಮಿನಲ್‌ಗಳನ್ನು ಯಾರೂ ಸರಿಯಾಗಿ ನೋಡಿರುವುದಿಲ್ಲ. ಇನ್ನೊಂದು ಗೊಂದಲವೂ ಇದೆ. ಹೊಸ ಕಾಯಿಲ್ ಹಾಕುವಾಗ ಕನೆಕ್ಟರ್ ಕಳಚಿ ಮತ್ತೆ ಸಿಕ್ಕಿಸುತ್ತೇವಲ್ಲ, ಆ ಉಜ್ಜಾಟದಲ್ಲೇ ಒಂದಿಷ್ಟು ಕಿಲುಬು ಹೋಗಿ ಗಾಡಿ ಕೆಲವು ದಿನ ಚೆನ್ನಾಗಿ ಓಡುತ್ತದೆ. ಹಾಗಾಗಿ ಕಾಯಿಲ್ಲೇ ಕೆಟ್ಟಿತ್ತು ಎಂದು ನಂಬಿಬಿಡುತ್ತೇವೆ. ದೋಷ ಮರಳಿದಾಗ ಹೊಸ ಕಾಯಿಲ್ಲಿನ ಮೇಲೆ ಅನುಮಾನ ಶುರುವಾಗುತ್ತದೆ.

ಇಲ್ಲಿ ಹೇಳಿರುವುದು 12 ವೋಲ್ಟಿನ, ನೆಗೆಟಿವ್ ಅರ್ತ್ ಇರುವ (ಬ್ಯಾಟರಿಯ ನೆಗೆಟಿವ್ ಕಾರಿನ ಲೋಹದ ಬಾಡಿಯನ್ನು ಸೇರುವ), ಒಂದೇ ಕಾಯಿಲ್ ಮತ್ತು ಡಿಸ್ಟ್ರಿಬ್ಯೂಟರ್ ಇರುವ ಪೆಟ್ರೋಲ್ ಕಾರುಗಳಿಗೆ. ಒಳಗೆ ಕಾಯಿಲ್ಲಿನ ಕರೆಂಟ್ ಕೊಟ್ಟು ಕಡಿಯುವ ಪಾಯಿಂಟ್ ಎಂಬ ಪುಟ್ಟ ಸ್ವಿಚ್ ಇರಲಿ, ಅದೇ ಕೆಲಸ ಮಾಡುವ ಆರಂಭಕಾಲದ ಎಲೆಕ್ಟ್ರಾನಿಕ್ ಮಾಡ್ಯೂಲ್ ಇರಲಿ, ಹುಡುಕುವ ದಾರಿ ಹೆಚ್ಚುಕಡಿಮೆ ಒಂದೇ.

ಅರ್ಧ ಓಮ್ ಏನು ಮಾಡೀತು?

ಬ್ಯಾಟರಿಯಿಂದ ಹೊರಟ ಕರೆಂಟ್ ಇಗ್ನಿಷನ್ ಸ್ವಿಚ್ ದಾಟಿ, ಕೆಲವು ಗಾಡಿಗಳಲ್ಲಿ ಕರೆಂಟನ್ನು ಮಿತಿಯಲ್ಲಿಡುವ ಬ್ಯಾಲಸ್ಟ್ ರೆಸಿಸ್ಟರ್ ಮೂಲಕ, ಕಾಯಿಲ್ಲಿನ ಪಾಸಿಟಿವ್‌ಗೆ ಬರುತ್ತದೆ. ಕಾಯಿಲ್ಲಿನ ನೆಗೆಟಿವ್‌ನಿಂದ ಪಾಯಿಂಟ್ ಅಥವಾ ಮಾಡ್ಯೂಲ್‌ಗೆ ಹೋಗಿ, ಅಲ್ಲಿಂದ ಅರ್ತ್ ಸೇರುತ್ತದೆ. ಇದು ಪ್ರೈಮರಿ ಸರ್ಕ್ಯೂಟ್. ಪಾಯಿಂಟ್ ತೆರೆದ ಕ್ಷಣ ಕಾಯಿಲ್ಲಿನಲ್ಲಿ ಹುಟ್ಟುವ 15,000ದಿಂದ 25,000 ವೋಲ್ಟ್ ದಪ್ಪ ವೈರ್, ಡಿಸ್ಟ್ರಿಬ್ಯೂಟರಿನ ಮುಚ್ಚಳವಾದ ಕ್ಯಾಪ್, ಅದರೊಳಗೆ ತಿರುಗುವ ರೋಟರ್ ದಾಟಿ ಪ್ಲಗ್ ತಲುಪುತ್ತದೆ. ಅದು ಸೆಕೆಂಡರಿ. ಎಲೆಕ್ಟ್ರಾನಿಕ್ ಇಗ್ನಿಷನ್‌ನಲ್ಲಿ ಈ ವೋಲ್ಟೇಜ್ ಇನ್ನೂ ಹೆಚ್ಚು.

ಬ್ಯಾಲಸ್ಟ್ ಇಲ್ಲದ ಕಾಯಿಲ್ಲಿನ ಪ್ರೈಮರಿ ರೆಸಿಸ್ಟೆನ್ಸ್ ಸುಮಾರು 3 ಓಮ್ ಎಂದುಕೊಳ್ಳಿ. 12 ವೋಲ್ಟಿಗೆ 4 ಆಂಪಿಯರ್ ಹರಿಯುತ್ತದೆ. ದಾರಿಯಲ್ಲೊಂದು ಟರ್ಮಿನಲ್ ಕಿಲುಬು ಹಿಡಿದು ಬರೀ ಅರ್ಧ ಓಮ್ ಸೇರಿಸಿದರೂ ಕರೆಂಟ್ 3.4 ಆಂಪಿಯರ್‌ಗೆ ಇಳಿಯುತ್ತದೆ. ಕಾಯಿಲ್ಲಿನಲ್ಲಿ ಕೂಡುವ ಶಕ್ತಿ ಕರೆಂಟಿನ ವರ್ಗಕ್ಕೆ ತಕ್ಕಂತೆ ಬದಲಾಗುವುದರಿಂದ ಕಿಡಿಯ ಬಲದಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ನಷ್ಟವಾಗುತ್ತದೆ. ಜೊತೆಗೆ ಆ ಪುಟ್ಟ ಟರ್ಮಿನಲ್ಲಿನಲ್ಲಿ 6 ವ್ಯಾಟ್‌ನಷ್ಟು ಶಾಖ ಹುಟ್ಟುತ್ತದೆ. ಶಾಖಕ್ಕೆ ಟರ್ಮಿನಲ್ಲಿನ ಸ್ಪ್ರಿಂಗ್ ಹಿಡಿತ ಸಡಿಲವಾಗುತ್ತದೆ, ಸಡಿಲವಾದದ್ದು ಇನ್ನಷ್ಟು ಬಿಸಿಯಾಗುತ್ತದೆ. ಒಮ್ಮೆ ಶುರುವಾದ ಕನೆಕ್ಟರ್ ದೋಷ ತಾನಾಗಿ ಬೆಳೆಯುತ್ತ ಹೋಗುವುದು ಹೀಗೆ.

ಕೈ ಹಾಕುವ ಮೊದಲು

ಸೆಕೆಂಡರಿ ಕಡೆಯ ಹೊಡೆತವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಎಲೆಕ್ಟ್ರಾನಿಕ್ ಇಗ್ನಿಷನ್‌ನ ಶಾಕ್ ಪ್ರಾಣಕ್ಕೇ ಕುತ್ತಾಗಬಹುದು. ಬೆಚ್ಚಿ ಕೈ ಎಳೆದುಕೊಳ್ಳುವಾಗ ಫ್ಯಾನಿಗೋ ಬೆಲ್ಟಿಗೋ ಸಿಗುವ ಅಪಾಯ ಬೇರೆ. ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರು ಚಾಲೂ ಇರುವ ಇಗ್ನಿಷನ್ ಹತ್ತಿರ ಬರಲೇಬಾರದು.

ಪೆಟ್ರೋಲ್ ವಾಸನೆ ಬರುತ್ತಿದ್ದರೆ ಕಿಡಿಯ ಪರೀಕ್ಷೆ ಬೇಡ, ಸೋರಿಕೆಯನ್ನು ಮೊದಲು ಸರಿಪಡಿಸಿ. ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಕೂಡ ಹೊತ್ತಿಕೊಳ್ಳಬಲ್ಲದು: ಎಂಜಿನ್ ತಣ್ಣಗಿರುವಾಗ, ಕೀ ಆಫ್ ಮಾಡಿ ಹೊಡೆಯಿರಿ, ಪೂರ್ತಿ ಆರಿದ ಮೇಲಷ್ಟೇ ಕೀ ಆನ್ ಮಾಡಿ. ಟರ್ಮಿನಲ್ ಕತ್ತರಿಸುವ, ಕೂರಿಸುವ ಕೆಲಸವಿದ್ದರೆ ಮೊದಲು ಬ್ಯಾಟರಿಯ ನೆಗೆಟಿವ್ ಬಿಚ್ಚಿ. ಪಾಯಿಂಟ್ ಇರುವ ಗಾಡಿಯಲ್ಲಿ ಎಂಜಿನ್ ನಿಂತಿರುವಾಗ ಕೀ ಆನ್ ಮಾಡಿ ಬಿಡಬೇಡಿ. ಪಾಯಿಂಟ್ ಮುಚ್ಚಿದ್ದರೆ ಕಾಯಿಲ್ ಒಂದೇ ಸಮನೆ ಕಾಯುತ್ತದೆ. ಅಳತೆ ತೆಗೆದು ಒಂದೆರಡು ನಿಮಿಷದೊಳಗೆ ಆಫ್ ಮಾಡಿಬಿಡಿ.

ಬೇಕಾದ ಸಾಮಾನು ಹೆಚ್ಚಿಲ್ಲ. ಡಿಜಿಟಲ್ ಮಲ್ಟಿಮೀಟರ್, ಕ್ಲಿಪ್ ಇರುವ ಉದ್ದನೆಯ ವೈರ್, ಕಾಂಟ್ಯಾಕ್ಟ್ ಕ್ಲೀನರ್, ಸಣ್ಣ ಹಿತ್ತಾಳೆ ಬ್ರಷ್, 600 ನಂಬರಿನ ಎಮರಿ ಪೇಪರ್, ಟರ್ಮಿನಲ್ಲನ್ನು ವೈರಿಗೆ ಒತ್ತಿ ಕೂರಿಸುವ ಕ್ರಿಂಪಿಂಗ್ ಇಕ್ಕಳ, ಅಂಟು ಇರುವ ಹೀಟ್ ಶ್ರಿಂಕ್ ಸ್ಲೀವ್, ಸಿಲಿಕೋನ್ ಡೈಎಲೆಕ್ಟ್ರಿಕ್ ಗ್ರೀಸ್, ಒಂದು ಸ್ಪಾರ್ಕ್ ಟೆಸ್ಟರ್.

ಯಾವ ಲಕ್ಷಣವೇ ಇರಲಿ, ಮೊದಲು ನೋಡಬೇಕಾದ್ದು

ಕೀ ಆಫ್ ಇರಲಿ. ಬ್ಯಾಟರಿಯ ಎರಡೂ ಕ್ಲಾಂಪ್ ಕೈಯಲ್ಲಿ ತಿರುಗಿಸಿ ನೋಡಿ, ಅಲುಗಾಡಿದರೆ ಅದೇ ಮೊದಲ ಕೆಲಸ. ಆಮೇಲೆ ಕಾಯಿಲ್ಲಿನ ಚಪ್ಪಟೆ ಟರ್ಮಿನಲ್‌ಗಳು, ಬ್ಯಾಲಸ್ಟ್‌ನ ಎರಡು ತುದಿ, ಡಿಸ್ಟ್ರಿಬ್ಯೂಟರ್ ಪಕ್ಕದ ಕನೆಕ್ಟರ್, ಎಂಜಿನ್‌ನಿಂದ ಕಾರಿನ ಲೋಹದ ಬಾಡಿಯತ್ತ ಹೋಗುವ ಅರ್ತ್ ಪಟ್ಟಿ, ಹೀಗೆ ಒಂದೊಂದನ್ನೂ ಮುಟ್ಟಿ ನೋಡಿ. ಕಾಯಿಲ್ಲಿನ 6.3 ಮಿಲಿಮೀಟರ್ ಟರ್ಮಿನಲ್ ಎಳೆದರೆ ಗಟ್ಟಿಯಾಗಿ ಹಿಡಿದುಕೊಂಡಿರಬೇಕು. ಎರಡು ಬೆರಳಲ್ಲಿ ಸಲೀಸಾಗಿ ಜಾರಿ ಬಂದರೆ ಅದರ ಹಿಡಿತ ಹೋಗಿದೆ ಎಂದೇ ಅರ್ಥ.

ಬಣ್ಣವೂ ಸುಳಿವು ಕೊಡುತ್ತದೆ. ಹಸಿರು ಅಥವಾ ನೀಲಿ ಪುಡಿ ಎಂದರೆ ತೇವ ಹೊಕ್ಕು ತಾಮ್ರ ಕಿಲುಬು ಹಿಡಿದಿದೆ. ಟರ್ಮಿನಲ್ ನೇರಳೆ-ಕಂದು ಬಣ್ಣಕ್ಕೆ ತಿರುಗಿದ್ದರೆ, ಪ್ಲಾಸ್ಟಿಕ್ ಹಳದಿಯಾಗಿ ಕರಗಿದಂತಿದ್ದರೆ, ಅಲ್ಲಿ ಬಹಳ ದಿನದಿಂದ ಶಾಖ ಹುಟ್ಟುತ್ತಿದೆ. ಅಂಥ ಟರ್ಮಿನಲ್ ಉಜ್ಜಿ ಪ್ರಯೋಜನವಿಲ್ಲ, ಬದಲಾಯಿಸಬೇಕು. ತವರದ ಲೇಪವಿರುವ ಪಿನ್ನಿನ ತುದಿಯಲ್ಲಿ ಸಣ್ಣ ಕಪ್ಪು ಚುಕ್ಕೆಗಳಿದ್ದರೆ ಅದು ಎಂಜಿನ್ನಿನ ನಡುಕಕ್ಕೆ ಪಿನ್ ಮತ್ತು ಸಾಕೆಟ್ ಸೂಕ್ಷ್ಮವಾಗಿ ಉಜ್ಜಿ ಉಜ್ಜಿ ಆದ ಸವೆತ. ನೋಡಲು ಏನೂ ಅಲ್ಲ ಎನಿಸಿದರೂ ಬಂದು ಹೋಗುವ ದೋಷಗಳ ಹಿಂದೆ ಬಹಳ ಸಲ ಇರುವುದು ಇದೇ.

ಲಕ್ಷಣ: ಸೆಲ್ಫ್ ಹೊಡೆಯುವಾಗ ಎಂಜಿನ್ ಹತ್ತುತ್ತದೆ, ಕೀ ಬಿಟ್ಟ ತಕ್ಷಣ ನಿಲ್ಲುತ್ತದೆ

ಇಷ್ಟು ಸ್ಪಷ್ಟವಾಗಿ ಜಾಗ ತೋರಿಸುವ ಲಕ್ಷಣ ಇನ್ನೊಂದಿಲ್ಲ. ಬ್ಯಾಲಸ್ಟ್ ಇರುವ ಗಾಡಿಗಳಲ್ಲಿ ಸೆಲ್ಫ್ ತಿರುಗುವಾಗ ಕಾಯಿಲ್ಲಿಗೆ ಬೇರೊಂದು ದಾರಿಯಿಂದ ನೇರ ಕರೆಂಟ್ ಬರುತ್ತದೆ. ಕೀ ಬಿಟ್ಟಾಗ ಬ್ಯಾಲಸ್ಟ್ ದಾರಿ ಮಾತ್ರ ಉಳಿಯುತ್ತದೆ. ಹಾಗಾಗಿ ದೋಷ ಇರುವುದು ಬ್ಯಾಲಸ್ಟ್ ರೆಸಿಸ್ಟರ್‌ನಲ್ಲಿ, ಅದರ ಎರಡು ಟರ್ಮಿನಲ್‌ಗಳಲ್ಲಿ, ಇಲ್ಲವೇ ಇಗ್ನಿಷನ್ ಸ್ವಿಚ್‌ನ ಆನ್ ಸ್ಥಾನದಲ್ಲಿ. ಕಾಯಿಲ್, ಪಾಯಿಂಟ್, ಪ್ಲಗ್ ಎಲ್ಲ ನಿರಪರಾಧಿಗಳು.

ಕೀ ಆನ್ ಮಾಡಿ ಬ್ಯಾಲಸ್ಟ್‌ನ ಎರಡೂ ಬದಿಯ ವೋಲ್ಟೇಜ್ ಅಳೆಯಿರಿ. ಬರುವ ಬದಿಯಲ್ಲಿ 12 ಇದ್ದು ಹೋಗುವ ಬದಿಯಲ್ಲಿ ಸೊನ್ನೆ ಇದ್ದರೆ ಬ್ಯಾಲಸ್ಟ್ ತುಂಡಾಗಿದೆ. ಬರುವ ಬದಿಯಲ್ಲೇ ಇಲ್ಲದಿದ್ದರೆ ಸ್ವಿಚ್ ಕಡೆ ಹೋಗಿ. ಬ್ಯಾಲಸ್ಟ್ ಸುಟ್ಟಿದೆಯೆಂದು ಅದನ್ನು ಬಿಟ್ಟು ನೇರ ವೈರ್ ಎಳೆದು ಓಡಿಸುವವರಿದ್ದಾರೆ. ಬ್ಯಾಲಸ್ಟ್‌ಗೆಂದೇ ಮಾಡಿದ 1.5 ಓಮ್ ಕಾಯಿಲ್‌ಗೆ ಪೂರ್ತಿ 12 ವೋಲ್ಟ್ ಕೊಟ್ಟರೆ ಕಾಯಿಲ್ಲೂ ಪಾಯಿಂಟೂ ಬೇಗ ಸುಡುತ್ತವೆ.

ಲಕ್ಷಣ: ಸೆಲ್ಫ್ ಚೆನ್ನಾಗಿ ತಿರುಗುತ್ತದೆ, ಎಂಜಿನ್ ಹತ್ತುವುದೇ ಇಲ್ಲ

ಕಾಯಿಲ್ಲಿನಿಂದ ಬರುವ ದಪ್ಪ ವೈರಿನ ತುದಿಗೆ ಸ್ಪಾರ್ಕ್ ಟೆಸ್ಟರ್ ಹಾಕಿ, ಅದನ್ನು ಎಂಜಿನ್ ಲೋಹಕ್ಕೆ ಭದ್ರವಾಗಿ ಅರ್ತ್ ಮಾಡಿ, ಸೆಲ್ಫ್ ಹೊಡೆಸಿ. ವೈರನ್ನು ಗಾಳಿಯಲ್ಲಿ ತೆರೆದು ಬಿಡಬೇಡಿ. ಹೋಗಲು ದಾರಿ ಸಿಗದ ವೋಲ್ಟೇಜ್ ಕಾಯಿಲ್ಲಿನ ಒಳಗಿನ ಇನ್ಸುಲೇಶನ್ ಸೀಳಬಹುದು, ಮಾಡ್ಯೂಲ್ ಸುಡಬಹುದು.

ಬಲವಾದ ನೀಲಿ ಕಿಡಿ ಬಂದರೆ ಪ್ರೈಮರಿ ಸರಿ ಇದೆ. ಕ್ಯಾಪ್, ರೋಟರ್, ಪ್ಲಗ್ ವೈರ್ ಅಥವಾ ಪೆಟ್ರೋಲ್ ಕಡೆ ನೋಡಿ. ಹಳದಿಯಾಗಿ ಬಡಕಲು ಕಿಡಿ ಬಂದರೆ ದಾರಿಯಲ್ಲಿ ಎಲ್ಲೋ ವೋಲ್ಟೇಜ್ ಸೋರುತ್ತಿರಬಹುದು. ಕಿಡಿಯೇ ಇಲ್ಲದಿದ್ದರೆ ಕಾಯಿಲ್ ಪಾಸಿಟಿವ್‌ನಲ್ಲಿ ವೋಲ್ಟೇಜ್ ಇದೆಯೇ ನೋಡಿ. ಅಲ್ಲೂ ಇಲ್ಲವೆಂದರೆ ಪಾಯಿಂಟ್ ಗಾಡಿಯಲ್ಲಿ ಒಂದು ಸುಲಭ ಪರೀಕ್ಷೆ ಮಾಡಬಹುದು: 10 ಆಂಪಿಯರ್ ಫ್ಯೂಸ್ ಹಾಕಿದ ವೈರನ್ನು ಬ್ಯಾಟರಿ ಪಾಸಿಟಿವ್‌ನಿಂದ ಕಾಯಿಲ್ ಪಾಸಿಟಿವ್‌ಗೆ, ಬ್ಯಾಲಸ್ಟ್ ಇದ್ದರೆ ಅದರ ಬರುವ ಬದಿಗೆ, ಕೊಡಿ. ಎಂಜಿನ್ ಹತ್ತಿದರೆ ದೋಷ ಬ್ಯಾಟರಿಗೂ ಆ ಜಾಗಕ್ಕೂ ನಡುವೆ ಇದೆ. ಈ ವೈರ್ ಇರುವವರೆಗೆ ಕೀ ಆಫ್ ಮಾಡಿದರೂ ಎಂಜಿನ್ ನಿಲ್ಲುವುದಿಲ್ಲ, ವೈರ್ ಕಿತ್ತೇ ನಿಲ್ಲಿಸಬೇಕು. ಇದು ಪರೀಕ್ಷೆಗೆ ಮಾತ್ರ. ಹೀಗೇ ರಸ್ತೆಗೆ ಇಳಿಯಬೇಡಿ.

ಲಕ್ಷಣ: ಓಡುತ್ತಿರುವಾಗ ಇದ್ದಕ್ಕಿದ್ದಂತೆ ಜರ್ಕ್, ಕೆಲವೊಮ್ಮೆ ಪೂರ್ತಿ ಆಫ್, ಮತ್ತೆ ತಾನೇ ಸರಿ

ಆರ್‌ಪಿಎಂ ಮೀಟರ್ ಇದ್ದರೆ ಜರ್ಕ್ ಹೊಡೆಯುವ ಕ್ಷಣದಲ್ಲಿ ಅದರ ಮುಳ್ಳನ್ನು ಗಮನಿಸಲು ಪಕ್ಕದಲ್ಲಿ ಕೂತವರಿಗೆ ಹೇಳಿ. ಹಳೆಯ ಕಾರುಗಳಲ್ಲಿ ಈ ಮೀಟರ್‌ಗೆ ಸಿಗ್ನಲ್ ಬರುವುದು ಸಾಮಾನ್ಯವಾಗಿ ಕಾಯಿಲ್ಲಿನ ನೆಗೆಟಿವ್‌ನಿಂದ. ಗಾಡಿ ಇನ್ನೂ ಗೇರಿನಲ್ಲಿ ಉರುಳುತ್ತಿದ್ದರೂ ಮುಳ್ಳು ಒಮ್ಮೆಲೇ ಸೊನ್ನೆಗೆ ಬಿದ್ದರೆ ಅಥವಾ ಕುಣಿದರೆ ಪ್ರೈಮರಿ ತುಂಡಾಗುತ್ತಿದೆ. ಮುಳ್ಳು ಅಲ್ಲಾಡದೆ ಎಂಜಿನ್ ಮಾತ್ರ ಮಿಸ್ ಹೊಡೆದರೆ ಪ್ರೈಮರಿಯ ಮೇಲಿನ ಅನುಮಾನ ಕಡಿಮೆಯಾಗುತ್ತದೆ. ಸೆಕೆಂಡರಿ ಅಥವಾ ಪೆಟ್ರೋಲ್ ಕಡೆ ಹುಡುಕಿ. ಬಿಚ್ಚುವ ಕೆಲಸವಿಲ್ಲದೆ ಅರ್ಧ ದಾರಿ ಕಳೆಯಿತು.

ಪ್ರೈಮರಿ ಎಂದು ಗೊತ್ತಾದ ಮೇಲೆ ಅಲ್ಲಾಡಿಸಿ ನೋಡುವ ಪರೀಕ್ಷೆ. ಎಂಜಿನ್ ಐಡಲ್‌ನಲ್ಲಿ ಇರಲಿ. ಒಣಗಿದ ಮರದ ಕಡ್ಡಿಯಿಂದ ಪ್ರತಿ ಕನೆಕ್ಟರನ್ನೂ ಮೆಲ್ಲಗೆ ತಳ್ಳಿ. ವೈರ್ ಟರ್ಮಿನಲ್ ಸೇರುವ ಜಾಗದಲ್ಲಿ ಬಗ್ಗಿಸಿ. ಎಂಜಿನ್ ಸದ್ದು ಬದಲಾದ ಕಡೆ ಗುರುತು ಹಾಕಿ. ಕೀಯನ್ನೂ ಆನ್ ಸ್ಥಾನದಲ್ಲೇ ಅತ್ತಿತ್ತ ಅಲುಗಿಸಿ ನೋಡಿ. ಭಾರದ ಕೀಗೊಂಚಲು ವರ್ಷಗಟ್ಟಲೆ ಜೋತಾಡಿದ ಸ್ವಿಚ್ಚಿನ ಒಳಗಿನ ಕಾಂಟ್ಯಾಕ್ಟ್ ಸವೆದಿರುವುದು ಸಾಮಾನ್ಯ. ಕನೆಕ್ಟರ್ ಕಡೆ ಏನೂ ಸಿಗದಿದ್ದರೆ ಕೈಯಲ್ಲಿ ವೈರಿನ ಉದ್ದಕ್ಕೂ ಬೆರಳಾಡಿಸಿ: ಒಳಗೆ ಎಳೆಗಳು ತುಂಡಾದ ಜಾಗದಲ್ಲಿ ವೈರ್ ಅತಿಯಾಗಿ ಮೆತ್ತಗೆ ಬಾಗುತ್ತದೆ. ಇದನ್ನು ಎಂಜಿನ್ ನಿಂತಿರುವಾಗ ಮಾಡಿ.

ಲಕ್ಷಣ: ಐಡಲ್‌ನಲ್ಲಿ ಸರಿ, ಆಕ್ಸಿಲರೇಟರ್ ಒತ್ತಿದಾಗ ಅಥವಾ ಬಿಟ್ಟಾಗ ಮಿಸ್

ಕಾರ್ಬ್ಯುರೇಟರ್ ಬಿಚ್ಚುವ ಮೊದಲು ಡಿಸ್ಟ್ರಿಬ್ಯೂಟರ್ ಕ್ಯಾಪ್ ತೆಗೆದು ಒಳಗಿನ ತೆಳು ವೈರ್‌ಗಳನ್ನು ನೋಡಿ. ಪಾಯಿಂಟ್ ಕೂತಿರುವ ತಟ್ಟೆಯನ್ನು, ಎಂಜಿನ್ನಿನ ಗಾಳಿಯ ಎಳೆತದಿಂದ ಕಿಡಿಯ ಸಮಯ ಹೊಂದಿಸುವ ವ್ಯಾಕ್ಯೂಮ್ ಅಡ್ವಾನ್ಸ್ ಪ್ರತಿ ಸಲ ಆಕ್ಸಿಲರೇಟರ್ ಒತ್ತಿ ಬಿಟ್ಟಾಗಲೂ ಹಿಂದೆ ಮುಂದೆ ತಿರುಗಿಸುತ್ತದೆ. ಪಾಯಿಂಟ್‌ಗೆ ಬರುವ ವೈರ್ ಮತ್ತು ತಟ್ಟೆಯನ್ನು ಡಿಸ್ಟ್ರಿಬ್ಯೂಟರ್ ಬಾಡಿಗೆ ಜೋಡಿಸುವ ಅರ್ತ್ ವೈರ್, ಎರಡೂ ಲಕ್ಷಾಂತರ ಸಲ ಬಾಗಿರುತ್ತವೆ. ಹೊರಗಿನ ಹೊದಿಕೆ ಗಟ್ಟಿಯಾಗೇ ಇದ್ದು ಒಳಗಿನ ಎಳೆಗಳು ತುಂಡಾಗಿರಬಹುದು.

ತಟ್ಟೆಯನ್ನು ಕೈಯಲ್ಲಿ ತಿರುಗಿಸುತ್ತ ಮಲ್ಟಿಮೀಟರ್‌ನಿಂದ ಆ ವೈರ್‌ಗಳ ರೆಸಿಸ್ಟೆನ್ಸ್ ನೋಡಿ. ಅಂಕಿ ಕುಣಿದರೆ ಕಳ್ಳ ಸಿಕ್ಕ. ಇಲ್ಲಿಗೆ ಸಾಮಾನ್ಯ ವೈರ್ ಹಾಕಬೇಡಿ. ತುಂಬ ಸಣ್ಣ ಎಳೆಗಳ, ಬಹಳ ಬಾಗುವ ವೈರೇ ಬೇಕು. ಇಲ್ಲದಿದ್ದರೆ ಬೇಗ ಮತ್ತೆ ಮುರಿಯುತ್ತದೆ. ತುದಿಗೆ ಬೆಸುಗೆ ಹಾಕುವುದೂ ಬೇಡ. ಎಲೆಕ್ಟ್ರಾನಿಕ್ ಡಿಸ್ಟ್ರಿಬ್ಯೂಟರ್‌ನಲ್ಲಿ ಕಿಡಿಯ ಸಮಯವನ್ನು ಮಾಡ್ಯೂಲಿಗೆ ತಿಳಿಸುವ ಪಿಕಪ್ ಕಾಯಿಲ್ಲಿನ ಎರಡು ವೈರ್‌ಗಳಿಗೂ ಇದೇ ಗತಿ. ಪಿಕಪ್ಪಿನ ಸಿಗ್ನಲ್ ತೀರ ಸಣ್ಣದಾದ್ದರಿಂದ ಅದರ ಕನೆಕ್ಟರ್‌ನಲ್ಲಿ ಕಾಣದಷ್ಟು ಕಿಲುಬಿದ್ದರೂ ಸಾಕು, ಕಿಡಿ ತಪ್ಪುತ್ತದೆ.

ಲಕ್ಷಣ: ಮಳೆ ಅಥವಾ ಮಂಜಿನಲ್ಲಿ ಮಾತ್ರ ತೊಂದರೆ

ಇದು ಹೆಚ್ಚಾಗಿ ಸೆಕೆಂಡರಿಯ ದೋಷ. ಕತ್ತಲಲ್ಲಿ ಎಂಜಿನ್ ಓಡಿಸಿ, ಸ್ಪ್ರೇ ಬಾಟಲಿಯಿಂದ ನೀರಿನ ತುಂತುರನ್ನು ದೂರದಿಂದ ಪ್ಲಗ್ ವೈರ್‌ಗಳ ಕಡೆಗೆ ಹಾರಿಸಿ. ನೀಲಿ ಕಿಡಿ ಹಾರುವ ಜಾಗ ಕಣ್ಣಿಗೇ ಬೀಳುತ್ತದೆ. ಆ ಹೊತ್ತಿನಲ್ಲಿ ಏನನ್ನೂ ಮುಟ್ಟಬೇಡಿ.

ಎಂಜಿನ್ ಆಫ್ ಮಾಡಿ ಕ್ಯಾಪ್ ತೆಗೆದು ನೋಡಿ. ಒಳಗೆ ಸೀಸದಕಡ್ಡಿಯಿಂದ ಗೀಚಿದಂಥ ಕಪ್ಪು ಗೆರೆ ಇದ್ದರೆ ಅದು ಕರೆಂಟ್ ಅಡ್ಡದಾರಿ ಹಿಡಿದ ಗುರುತು. ಒರೆಸಿದರೆ ಹೋಗುವಂಥದ್ದಲ್ಲ, ಕ್ಯಾಪ್ ಬದಲಾಯಿಸಿ. ವೈರ್ ಕೂರುವ ಹಿತ್ತಾಳೆ ತೂತುಗಳಲ್ಲಿ ಬಿಳಿ-ಹಸಿರು ಪುಡಿ ತುಂಬಿದ್ದರೆ ವೈರ್ ಪೂರ್ತಿ ಒಳಗೆ ಕೂರದೆ ಸಣ್ಣ ಸಂದಿ ಉಳಿದು ಅಲ್ಲೇ ಕಿಡಿ ಹಾರುತ್ತಿತ್ತು ಎಂದರ್ಥ. ಸ್ವಚ್ಛ ಮಾಡಿ ವೈರ್ ಕೂರಿಸುವಾಗ ರಬ್ಬರ್ ಬೂಟನ್ನು ಹಿಸುಕಿ ಒಳಗಿನ ಗಾಳಿ ಬಿಡಿ. ಇಲ್ಲದಿದ್ದರೆ ಒತ್ತಡದ ಗಾಳಿ ವೈರನ್ನು ಮತ್ತೆ ಮೇಲಕ್ಕೆ ತಳ್ಳುತ್ತದೆ. ಪ್ಲಗ್ ವೈರ್ ಬಿಚ್ಚುವಾಗ ಬೂಟ್ ಹಿಡಿದು ತಿರುಗಿಸಿ ಎಳೆಯಬೇಕು. ವೈರ್ ಹಿಡಿದು ಎಳೆದರೆ ಒಳಗಿನ ಕಾರ್ಬನ್ ತಂತು ಟರ್ಮಿನಲ್ಲಿನಿಂದ ಕಳಚಿಕೊಳ್ಳುತ್ತದೆ. ವೈರ್‌ಗಳ ರೆಸಿಸ್ಟೆನ್ಸ್ ಅಳೆದಾಗ ಉದ್ದಕ್ಕೆ ತಕ್ಕಂತೆ ಕೆಲವು ಸಾವಿರ ಓಮ್ ಬರುತ್ತದೆ. ಒಂದು ವೈರ್ ಮಾತ್ರ ಉಳಿದವುಗಳಿಗಿಂತ ವಿಪರೀತ ಹೆಚ್ಚು ತೋರಿಸಿದರೆ ಅಥವಾ ತೋರಿಸದೇ ಹೋದರೆ ಸೆಟ್ ಬದಲಾಯಿಸಿ.

ಲಕ್ಷಣ: ಬಿಸಿಯಾದ ಮೇಲೆ ನಿಲ್ಲುತ್ತದೆ, ತಣ್ಣಗಾದರೆ ಹತ್ತುತ್ತದೆ

ಕಾಯಿಲ್ ಅಥವಾ ಮಾಡ್ಯೂಲ್ ಎಂದು ಎಲ್ಲರೂ ಹೇಳುತ್ತಾರೆ, ಹಲವು ಸಲ ಅದು ನಿಜವೂ ಹೌದು. ಆದರೆ ಹಿಡಿತ ಕಳೆದುಕೊಂಡ ಟರ್ಮಿನಲ್ ಕೂಡ ಬಿಸಿಗೆ ಹಿಗ್ಗಿ ಬಿಟ್ಟುಕೊಳ್ಳುತ್ತದೆ. ನಿಂತ ಕೂಡಲೇ, ತಣ್ಣಗಾಗುವ ಮೊದಲೇ, ಕಾಯಿಲ್ ಪಾಸಿಟಿವ್‌ನ ವೋಲ್ಟೇಜ್ ಅಳೆಯಿರಿ. ವೋಲ್ಟೇಜ್ ಇಲ್ಲದಿದ್ದರೆ ದೋಷ ಕಾಯಿಲ್ಲಿಗಿಂತ ಹಿಂದೆ ಇದೆ, ಹೊಸ ಕಾಯಿಲ್ ತರುವುದು ದಂಡ. ವೋಲ್ಟೇಜ್ ಸರಿ ಇದ್ದು ಕಿಡಿ ಇಲ್ಲದಿದ್ದರೆ ಕಾಯಿಲ್, ಮಾಡ್ಯೂಲ್, ಮಾಡ್ಯೂಲಿನ ಅರ್ತ್ ಈ ಮೂರನ್ನು ನೋಡಿ. ಮಾಡ್ಯೂಲ್ ಲೋಹದ ಮೇಲೆ ಕೂರುವ ಜಾಗದಲ್ಲಿ ಶಾಖ ಸಾಗಿಸುವ ಪೇಸ್ಟ್ ಒಣಗಿದ್ದರೂ ಇದೇ ಲಕ್ಷಣ ಬರುತ್ತದೆ.

ಖಚಿತಪಡಿಸುವ ಅಳತೆ: ವೋಲ್ಟೇಜ್ ಡ್ರಾಪ್

ಕರೆಂಟ್ ಹರಿಯುವಾಗ ಎರಡು ಜಾಗಗಳ ನಡುವೆ ಕಳೆದುಹೋಗುವ ವೋಲ್ಟೇಜೇ ಡ್ರಾಪ್. ಓಮ್ ಮೀಟರ್ ಇಲ್ಲಿ ಮೋಸ ಮಾಡುತ್ತದೆ. ವೈರಿನ ಇಪ್ಪತ್ತು ಎಳೆಗಳಲ್ಲಿ ಒಂದೇ ಉಳಿದಿದ್ದರೂ ಮೀಟರಿನ ಅತಿ ಸಣ್ಣ ಕರೆಂಟಿಗೆ ಅದು ಧಾರಾಳ, ಸೊನ್ನೆ ಓಮ್ ತೋರಿಸುತ್ತದೆ. ಹಾಗೆಯೇ ಪಾಯಿಂಟ್ ತೆರೆದಿರುವಾಗ ಕಾಯಿಲ್ಲಿನಲ್ಲಿ 12 ವೋಲ್ಟ್ ಸಿಕ್ಕಿತು ಎನ್ನುವುದಕ್ಕೂ ಅರ್ಥವಿಲ್ಲ; ಕರೆಂಟ್ ಹರಿಯದಿದ್ದಾಗ ಎಷ್ಟು ಕೆಟ್ಟ ಟರ್ಮಿನಲ್ಲೂ ಪೂರ್ತಿ ವೋಲ್ಟೇಜ್ ತೋರಿಸುತ್ತದೆ. ಅಳತೆ ಯಾವಾಗಲೂ ಲೋಡ್ ಇರುವಾಗ ಆಗಬೇಕು.

ಪಾಯಿಂಟ್ ಗಾಡಿಯಲ್ಲಿ ಕೀ ಆನ್ ಮಾಡಿ ಕಾಯಿಲ್ ನೆಗೆಟಿವ್ ಮತ್ತು ಅರ್ತ್ ನಡುವೆ ಅಳೆಯಿರಿ. 12 ಬಂದರೆ ಪಾಯಿಂಟ್ ತೆರೆದಿದೆ. ಕೀ ಆಫ್ ಮಾಡಿ ಎಂಜಿನನ್ನು ಸ್ವಲ್ಪ ತಿರುಗಿಸಿ ಮತ್ತೆ ನೋಡಿ, ಸೊನ್ನೆಯ ಹತ್ತಿರ ಬಂದಾಗ ಮುಚ್ಚಿದೆ. ಈಗ ಮೀಟರನ್ನು 20 ವೋಲ್ಟ್ ಡಿಸಿಗೆ ಇಟ್ಟು ಹೀಗೆ ಸಾಗಿ:

- ಬ್ಯಾಟರಿ ಪಾಸಿಟಿವ್‌ನಿಂದ ಕಾಯಿಲ್ ಪಾಸಿಟಿವ್‌ಗೆ (ಬ್ಯಾಲಸ್ಟ್ ಇದ್ದರೆ ಅದರ ಬರುವ ಬದಿಗೆ): ಅರ್ಧ ವೋಲ್ಟಿಗಿಂತ ಕಡಿಮೆ ಇರಬೇಕು.
- ಒಂದೇ ಕನೆಕ್ಟರಿನ ಈ ಬದಿಯಿಂದ ಆ ಬದಿಗೆ: 0.1 ವೋಲ್ಟ್ ಮೀರಬಾರದು.
- ಕಾಯಿಲ್ ನೆಗೆಟಿವ್‌ನಿಂದ ಬ್ಯಾಟರಿ ನೆಗೆಟಿವ್‌ಗೆ: 0.3 ವೋಲ್ಟ್ ಒಳಗೆ.
- ಡಿಸ್ಟ್ರಿಬ್ಯೂಟರ್ ಬಾಡಿಯಿಂದ ಬ್ಯಾಟರಿ ನೆಗೆಟಿವ್‌ಗೆ: 0.1 ವೋಲ್ಟ್ ಒಳಗೆ.

ಬ್ಯಾಲಸ್ಟ್ ಇರುವ ಗಾಡಿಯಲ್ಲಿ ಪಾಯಿಂಟ್ ಮುಚ್ಚಿದಾಗ ಕಾಯಿಲ್ ಪಾಸಿಟಿವ್‌ನಲ್ಲಿ 6ರಿಂದ 9 ವೋಲ್ಟ್ ಸಿಗುವುದು ಸಹಜ, ಅದನ್ನು ದೋಷವೆಂದು ತಿಳಿಯಬೇಡಿ. ಮೊದಲ ಅಳತೆಯಲ್ಲಿ ಹೆಚ್ಚು ಬಂದರೆ ಕಾಯಿಲ್ ಕಡೆಯ ಮೊನೆಯನ್ನು ಒಂದೊಂದೇ ಕನೆಕ್ಟರ್ ದಾಟಿಸುತ್ತ ಬ್ಯಾಟರಿಯತ್ತ ತನ್ನಿ. ಯಾವ ಕನೆಕ್ಟರ್ ದಾಟಿದಾಗ ಅಂಕಿ ಧಡಕ್ಕನೆ ಇಳಿಯಿತೋ ಅದೇ ದೋಷಿ. ವೈರಿನ ಹೊದಿಕೆಗೆ ಸೂಜಿ ಚುಚ್ಚಿ ಅಳೆಯಬೇಡಿ, ಆ ತೂತಿನಿಂದಲೇ ನಾಳೆ ನೀರು ಇಳಿಯುತ್ತದೆ. ಕನೆಕ್ಟರಿನ ಹಿಂಬದಿಯಿಂದ ತೆಳು ಮೊನೆ ತೂರಿಸಿ.

ಹಲವು ಎಲೆಕ್ಟ್ರಾನಿಕ್ ಮಾಡ್ಯೂಲ್‌ಗಳು ಎಂಜಿನ್ ನಿಂತಾಗ ಕಾಯಿಲ್ ಕರೆಂಟ್ ಕಡಿದುಬಿಡುವುದರಿಂದ ಅವುಗಳಲ್ಲಿ ಐಡಲ್‌ನಲ್ಲಿ ಅಳೆಯಬೇಕು. ಓಡುವಾಗ ಕಾಯಿಲ್ ನೆಗೆಟಿವ್‌ನಲ್ಲಿ ಕ್ಷಣಕಾಲ 200ರಿಂದ 400 ವೋಲ್ಟ್ ಏಳುತ್ತದೆ. ಆ ಟರ್ಮಿನಲ್ಲನ್ನು ಬರಿಗೈಯಲ್ಲಿ ಮುಟ್ಟಬೇಡಿ, ಸಾಧಾರಣ ಮೀಟರನ್ನೂ ಅದಕ್ಕೆ ಹಚ್ಚಬೇಡಿ.

ದುರಸ್ತಿ

ಕಿಲುಬು ಮೇಲ್ಮೈಯಲ್ಲಿ ಮಾತ್ರ ಇದ್ದು ಹಿಡಿತ ಚೆನ್ನಾಗಿದ್ದರೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ನಾಲ್ಕೈದು ಸಲ ಸಿಕ್ಕಿಸಿ ಕಳಚಿ. ದಪ್ಪ ಕಿಲುಬಿಗೆ ಬ್ರಷ್ ಅಥವಾ 600 ನಂಬರಿನ ಪೇಪರ್, ಅದೂ ಹಗುರ ಕೈಯಲ್ಲಿ. ಹೆಚ್ಚು ಉಜ್ಜಿದರೆ ತವರದ ಲೇಪ ಹೋಗಿ ಬರಿ ಹಿತ್ತಾಳೆ ಉಳಿಯುತ್ತದೆ, ಅದು ಮೊದಲಿಗಿಂತ ಬೇಗ ಕಿಲುಬು ಹಿಡಿಯುತ್ತದೆ. ಚಿನ್ನದ ಲೇಪದ ಪಿನ್ನಿಗೆ ಪೇಪರ್ ತಾಗಿಸಲೇಬೇಡಿ. ಸಡಿಲವಾದ ಹೆಣ್ಣು ಟರ್ಮಿನಲ್ಲಿನ ಸುರುಳಿ ಅಂಚುಗಳನ್ನು ಇಕ್ಕಳದಿಂದ ಒಂದು ಕೂದಲಿನಷ್ಟು ಒತ್ತಬಹುದು. ಬಣ್ಣ ಬದಲಾದದ್ದನ್ನು ಒತ್ತಿದರೂ ನಿಲ್ಲುವುದಿಲ್ಲ.

ಹೊಸ ಟರ್ಮಿನಲ್ ಹಾಕುವಾಗ ಎಲ್ಲಕ್ಕಿಂತ ಮುಖ್ಯವಾದದ್ದು ತಾಮ್ರದ ಬಣ್ಣ. ಹೊದಿಕೆ ಸುಲಿದಾಗ ಎಳೆಗಳು ಕಪ್ಪಾಗಿದ್ದರೆ ಹೊಳೆಯುವ ತಾಮ್ರ ಸಿಗುವವರೆಗೆ ಸ್ವಲ್ಪ ಸ್ವಲ್ಪವೇ ಕತ್ತರಿಸಿ. ಕಪ್ಪು ತಾಮ್ರದ ಮೇಲೆ ಎಷ್ಟು ಚೆನ್ನಾಗಿ ಕ್ರಿಂಪ್ ಮಾಡಿದರೂ ಒಳಗಿನ ಆಕ್ಸೈಡ್ ಹಾಗೇ ಉಳಿಯುತ್ತದೆ. ವೈರ್ ಗಿಡ್ಡವಾದರೆ ಎಳೆದು ಬಿಗಿಯಬೇಡಿ. ಅದೇ ದಪ್ಪದ ಅಥವಾ ಒಂದು ಅಳತೆ ಹೆಚ್ಚಿನ ಹೊಸ ತುಂಡು ಸೇರಿಸಿ.

ಶ್ರಿಂಕ್ ಸ್ಲೀವನ್ನು ಮೊದಲೇ ವೈರಿಗೆ ತೂರಿಸಿಡಿ, ಮರೆತರೆ ಎಲ್ಲ ಮತ್ತೆ ಬಿಚ್ಚಬೇಕು. ಎಳೆಗಳು ಕತ್ತರಿಸದಂತೆ 5–6 ಮಿಲಿಮೀಟರ್ ಸುಲಿಯಿರಿ. ಟರ್ಮಿನಲ್ಲಿನ ಮುಂದಿನ ರೆಕ್ಕೆಗಳು ತಾಮ್ರವನ್ನು, ಹಿಂದಿನವು ಹೊದಿಕೆಯನ್ನು ಹಿಡಿಯಬೇಕು. ಹಿಂದಿನ ಹಿಡಿತ ಇಲ್ಲದಿದ್ದರೆ ನಡುಕವೆಲ್ಲ ತಾಮ್ರದ ಮೇಲೇ ಬೀಳುತ್ತದೆ. ಒತ್ತಿದ ಮೇಲೆ ಜೋರಾಗಿ ಎಳೆದು ನೋಡಿ. ಬಣ್ಣದ ತೋಳಿರುವ ಟರ್ಮಿನಲ್ ಬಳಸಿದರೆ ಕೆಂಪು 0.5–1.5, ನೀಲಿ 1.5–2.5 ಚದರ ಮಿಲಿಮೀಟರ್ ವೈರಿಗೆ. ನೀಲಿ ಟರ್ಮಿನಲ್ಲಿಗೆ ತೆಳು ವೈರ್ ತುರುಕಿ ಒತ್ತಿದ ಕೆಲಸ ಹಳೆಯ ಗಾಡಿಗಳಲ್ಲಿ ಎಲ್ಲೆಲ್ಲೂ ಕಾಣುತ್ತದೆ, ಒಂದೂ ಬಾಳುವುದಿಲ್ಲ.

ಕ್ರಿಂಪ್ ಮೇಲೆ ಬೆಸುಗೆ ಹಾಕಿದರೆ ಗಟ್ಟಿ ಎಂಬ ಭಾವನೆ ಇದೆ. ಎಂಜಿನ್ ಬೇಯಲ್ಲಿ ಅದು ಉಲ್ಟಾ. ಕರಗಿದ ಸೀಸ ಎಳೆಗಳ ನಡುವೆ ಹರಿದು ವೈರನ್ನು ಕಡ್ಡಿಯಂತೆ ಸೆಟೆಸುತ್ತದೆ. ಆ ಸೆಟೆತ ಮುಗಿಯುವ ಜಾಗದಲ್ಲಿ ನಡುಕಕ್ಕೆ ವೈರ್ ಮುರಿಯುತ್ತದೆ. ಬೆಸುಗೆ ಹಾಕಲೇಬೇಕಾದ ಕಡೆ ಆಸಿಡ್ ಫ್ಲಕ್ಸ್ ಬಿಟ್ಟು ರೋಸಿನ್ ಬಳಸಿ, ವೈರಿಗೆ ಹತ್ತಿರದಲ್ಲೇ ಕ್ಲಿಪ್ ಆಸರೆ ಕೊಡಿ.

ಡೈಎಲೆಕ್ಟ್ರಿಕ್ ಗ್ರೀಸ್ ಕರೆಂಟ್ ಹರಿಸುವುದಿಲ್ಲ. ಅದರ ಕೆಲಸ ನೀರು, ಗಾಳಿ ತಡೆಯುವುದು. ಸ್ವಚ್ಛ ಮಾಡಿದ ಮೇಲೆ ತೆಳುವಾಗಿ ಹಚ್ಚಿ, ಕಿಲುಬಿನ ಮೇಲೆ ಬಳಿದರೆ ಏನೂ ಉಪಯೋಗವಿಲ್ಲ. ಅರ್ತ್ ಟರ್ಮಿನಲ್ ಕೂರುವ ಜಾಗದ ಬಣ್ಣ, ತುಕ್ಕು ಕೆರೆದು ಹೊಳೆಯುವ ಲೋಹಕ್ಕೆ ಬಿಗಿದು, ಬಿಗಿದ ಮೇಲೆ ಹೊರಗಿನಿಂದ ಗ್ರೀಸ್ ಹಚ್ಚಿ. ಕೆಲಸ ಮುಗಿದ ಮೇಲೆ ಮೊದಲಿನ ಅದೇ ಜಾಗಗಳಲ್ಲಿ ವೋಲ್ಟೇಜ್ ಡ್ರಾಪ್ ಮತ್ತೆ ಅಳೆಯಿರಿ. ಅಂಕಿ ಇಳಿಯದಿದ್ದರೆ ದೋಷ ಇನ್ನೊಂದು ಕನೆಕ್ಟರಿನಲ್ಲಿದೆ.

ಇಲ್ಲಿಗೆ ನಿಲ್ಲಿಸಿ ಆಟೋ ಎಲೆಕ್ಟ್ರಿಷಿಯನ್‌ಗೆ ಒಪ್ಪಿಸಿ

ವೈರ್ ಸುಟ್ಟ ವಾಸನೆ ಬಂದರೆ, ಫ್ಯೂಸ್ ಹಾಕಿದಷ್ಟು ಸಲ ಹಾರಿದರೆ, ವೈರಿಂಗ್ ಕಟ್ಟಿನೊಳಗೆ ಹಲವು ವೈರ್‌ಗಳ ಹೊದಿಕೆ ಒಟ್ಟಿಗೆ ಕರಗಿದ್ದರೆ ಬ್ಯಾಟರಿ ನೆಗೆಟಿವ್ ಬಿಚ್ಚಿಟ್ಟು ಗಾಡಿಯನ್ನು ಎಳೆಸಿಕೊಂಡೇ ಹೋಗಿ. ಇಗ್ನಿಷನ್ ಸ್ವಿಚ್ ಬಿಚ್ಚಲು ಸ್ಟೀರಿಂಗ್ ಲಾಕ್ ತೆಗೆಯಬೇಕಾದರೆ, ಸ್ಟೀರಿಂಗ್‌ನಲ್ಲಿ ಏರ್‌ಬ್ಯಾಗ್ ಇದ್ದರೆ, ಅದು ಮನೆಯ ಕೆಲಸವಲ್ಲ. ಕ್ಯಾಟಲಿಟಿಕ್ ಕನ್ವರ್ಟರ್ ಇರುವ ಗಾಡಿ ಮಿಸ್ ಹೊಡೆಯುತ್ತಿದ್ದರೆ ಹಾಗೇ ಓಡಿಸುತ್ತ ಇರಬೇಡಿ. ಉರಿಯದ ಪೆಟ್ರೋಲ್ ಅದರೊಳಗೆ ಹೋಗಿ ಹೊತ್ತಿ ಕನ್ವರ್ಟರ್ ಕೆಂಪಗೆ ಕಾಯುತ್ತದೆ, ಕೆಳಗೆ ಒಣಹುಲ್ಲಿದ್ದರೆ ಬೆಂಕಿಯೇ ಹತ್ತೀತು. ಎಲ್ಲ ಡ್ರಾಪ್ ಅಳತೆಗಳೂ ಮಿತಿಯೊಳಗಿದ್ದು, ಕಿಡಿ ಬಲವಾಗಿದ್ದು, ಎಂಜಿನ್ ಇನ್ನೂ ಮಿಸ್ ಹೊಡೆಯುತ್ತಿದ್ದರೆ ಕನೆಕ್ಟರ್ ಬಿಚ್ಚುವುದನ್ನು ನಿಲ್ಲಿಸಿ, ಟೈಮಿಂಗ್, ಕಂಪ್ರೆಷನ್, ಪೆಟ್ರೋಲ್ ಪೂರೈಕೆ ಪರೀಕ್ಷಿಸಲು ಹೇಳಿ. ಬರೆದಿಟ್ಟ ವೋಲ್ಟೇಜ್ ಅಂಕಿಗಳನ್ನು ಅವರಿಗೆ ಕೊಟ್ಟರೆ ಇದೇ ಕೆಲಸ ಎರಡನೇ ಸಲ ಆಗುವುದು ತಪ್ಪುತ್ತದೆ.